ವಕೀಲಿಯ ಮಾನವೂ ಚಂದಾವರ್ಕರರ ಜೀವನವೂ

ಯಲಬುರ್ಗಾದಂತಹ ತಾಲೂಕಿನ ಊರಿನಲ್ಲಿ ಮಗನನ್ನು ವಕೀಲನನ್ನಾಗಿ ಮಾಡಬೇಕೆಂದಿರುವ ಗೃಹಸ್ಥನಿಗೆ ಇಂದು ಒಂದು ಚಿಂತೆ ತಪ್ಪಿದ್ದಲ್ಲ. ಕಲಿತ ಕಾನೂನು ದೊಡ್ಡದೋ, ಕಲಿಸಿದ ಶಾಲೆಯ ಹೆಸರು ದೊಡ್ಡದೋ? ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ. ಹತ್ತಿರದ ಕಾಲೇಜಿನ ಪದವಿಗೆ ಅಷ್ಟು ಮಾನವಿಲ್ಲವೆಂಬ ಮಾತು ಹಬ್ಬಿದೆ. ಈ ಪ್ರಶ್ನೆಯು ಹೊಸತಲ್ಲ. ಸರ್ ನಾರಾಯಣ ಗಣೇಶ ಚಂದಾವರ್ಕರರ ಜೀವನವನ್ನು ಇದರ ಬೆಳಕಿನಲ್ಲಿ ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಚಂದಾವರ್ಕರರು 1855ರ ಡಿಸೆಂಬರ 2ರಂದು ಹೊನ್ನಾವರದಲ್ಲಿ ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಕೆಲಕಾಲ ದಕ್ಷಿಣಾ ಫೆಲೋ ಆಗಿದ್ದು, 1881ರಲ್ಲಿ ಕಾನೂನು ಪದವಿಯನ್ನು ಪಡೆದರು. ಇಂದುಪ್ರಕಾಶ ಪತ್ರದ ಇಂಗ್ಲಿಷ್ ವಿಭಾಗವನ್ನು ಸುಮಾರು ಹತ್ತು ವರ್ಷ ನಡೆಸಿದರು.

ಅಂದಿನ ನ್ಯಾಯಾಲಯಗಳಲ್ಲಿ ಎರಡು ಜಾತಿಗಳಿದ್ದವೆಂದರೆ ಅತ್ಯುಕ್ತಿಯಲ್ಲ. ಲಂಡನ್ನಿನ ಇನ್ನುಗಳಲ್ಲಿ ನಿಯಮಿತ ಸಂಖ್ಯೆಯ ಭೋಜನಗಳನ್ನು ಉಂಡು ಬಂದವನು ಬ್ಯಾರಿಸ್ಟರ. ಇಲ್ಲಿಯೇ ಓದಿ ತೇರ್ಗಡೆಯಾದವನು ವಕೀಲ. ಮುಂಬಯಿ ಹಾಯಕೋರ್ಟಿನ ಮೂಲ ವಿಭಾಗದಲ್ಲಿ ವಕೀಲನಿಗೆ ವಾದಿಸುವ ಹಕ್ಕಿರಲಿಲ್ಲ. ಅವನ ಪಾಲಿಗೆ ಅಪೀಲಿನ ವಿಭಾಗವೇ ಗತಿ. 1861ರ ಹಾಯಕೋರ್ಟು ಕಾಯದೆಯಂತೆ ಮುಖ್ಯ ನ್ಯಾಯಾಧೀಶನನ್ನೂ ಸೇರಿಸಿ ನ್ಯಾಯಾಧೀಶರಲ್ಲಿ ಮೂರರಲ್ಲೊಂದು ಪಾಲಿಗೆ ಕಡಿಮೆಯಿಲ್ಲದಂತೆ ಬ್ಯಾರಿಸ್ಟರರೂ, ಇನ್ನೊಂದು ಪಾಲಿಗೆ ಕಡಿಮೆಯಿಲ್ಲದಂತೆ ಸಿವಿಲ್ ಸರ್ವಿಸಿನವರೂ ಇರಲೇಬೇಕಿತ್ತು. ಸಮುದ್ರಯಾನದ ವೆಚ್ಚವನ್ನು ಹೊರಲಾರದ ಮನೆತನಗಳ ಮಕ್ಕಳಿಗೆ ಉಳಿದುದನ್ನು ವಾಚಕರೇ ಎಣಿಸಿಕೊಳ್ಳಲಿ.

ಚಂದಾವರ್ಕರರೂ 1885ರಲ್ಲಿ ವಿಲಾಯತಿಗೆ ಹೋದರು. ಆದರೆ ಬ್ಯಾರಿಸ್ಟರ ಪದವಿಗಾಗಿ ಅಲ್ಲ. ಅಲ್ಲಿಯ ಚುನಾವಣೆಯ ಮುಂಚೆ ಹಿಂದುಸ್ಥಾನದ ಅಹವಾಲನ್ನು ಮತದಾರರ ಮುಂದಿಡಲು ಮನಮೋಹನ ಘೋಷ, ರಾಮಸ್ವಾಮಿ ಮುದಲಿಯಾರರೊಡನೆ ಹೋದರು. 1900ರಲ್ಲಿ ಲಾಹೋರ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1901ರಲ್ಲಿ ಹಾಯಕೋರ್ಟಿನ ನ್ಯಾಯಾಸನವನ್ನೇರಿದರು. ಅವರಿಗಿಂತ ಮುಂಚೆ ಆ ಸ್ಥಾನವನ್ನು ಬೆಳಗಿಸಿದ ರಾನಡೆಯವರೂ ಮುಂಬಯಿಯ ಪದವೀಧರರೇ. ನ್ಯಾಯಾಸನವೇರಿದವರು ಸುಮಾರು ಹನ್ನೆರಡು ವರ್ಷ ರಾಜಕಾರಣದಿಂದ ದೂರವಿದ್ದರು. ಮುಂಬಯಿ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ, ಕಡೆಗೆ ಮುಂಬಯಿ ಕಾಯದೆ ಕೌನ್ಸಿಲಿನ ಅಧ್ಯಕ್ಷರಾಗಿ ದುಡಿದು 1923ರಲ್ಲಿ ಕಾಲವಾದರು.

ದುಡಿಮೆಯಿದ್ದರೆ ಶಾಲೆಯ ಹೆಸರು ಬೇಡವೆಂದು ಇದರಿಂದ ಕೆಲವರು ತೀರ್ಮಾನಿಸಬಹುದು. ಅದು ಅರ್ಧ ಸತ್ಯ. ಚಂದಾವರ್ಕರರು ಇಪ್ಪತ್ತು ವರ್ಷಗಳ ವಕೀಲಿಯಿಂದ ನ್ಯಾಯಾಸನವನ್ನು ಗಳಿಸಿದರು, ನಿಜ. ಆದರೆ ಮುಖ್ಯ ನ್ಯಾಯಾಧೀಶರ ಕಾಯಂ ಹುದ್ದೆಯು ಅವರ ಯೋಗ್ಯತೆಗೆ ದೂರವಲ್ಲದಿದ್ದರೂ ಕಾಯದೆಯಿಂದಲೇ ದೂರವಾಗಿತ್ತು. ಈ ಬೇಲಿಯನ್ನು ಒಬ್ಬಿಬ್ಬರ ಪ್ರತಿಭೆ ಮುರಿಯಲಿಲ್ಲ. 1926ರ ಬಾರ್ ಕೌನ್ಸಿಲ್ ಕಾಯದೆ, 1935ರ ಭಾರತ ಸರಕಾರದ ಕಾಯದೆ, 1961ರ ಅಡ್ವೊಕೇಟರ ಕಾಯದೆ ಇವು ಹಂತಹಂತವಾಗಿ ಅದನ್ನು ಕಿತ್ತವು. ಇಂದು ನಮ್ಮಲ್ಲಿ ವಕೀಲರದು ಒಂದೇ ವರ್ಗ.

ಕಾಗದದ ಮೇಲಿನ ಬೇಲಿ ಹೋಯಿತು. ಮನಸ್ಸಿನ ಬೇಲಿ ಉಳಿದಿದೆ. ಚಂದಾವರ್ಕರರ ಹೊನ್ನಾವರವೂ ನಮ್ಮ ಯಲಬುರ್ಗಾವೂ ಇಂದು ಹಾಯಕೋರ್ಟಿನ ಧಾರವಾಡದ ಪೀಠಕ್ಕೇ ಸೇರಿವೆ. ಆ ಪೀಠದ ಮುಂದೆ ನಿಲ್ಲುವ ತರುಣನ ವಾದವನ್ನು ಕೇಳುವ ಮೊದಲೇ ಅವನ ಕಾಲೇಜನ್ನು ಕೇಳುವುದು ನ್ಯಾಯವಲ್ಲ. ಹಿರಿಯ ವಕೀಲರು ತಮ್ಮ ಕಚೇರಿಗಳಲ್ಲಿ ಸಣ್ಣ ಊರಿನ ಪದವೀಧರರಿಗೆ ಸ್ಥಳ ಕೊಡಲಿ. ಸರಕಾರವು ಸಣ್ಣ ಕಾಲೇಜುಗಳಿಗೆ ಒಳ್ಳೆಯ ಗ್ರಂಥಾಲಯವನ್ನೂ ಗುರುಗಳನ್ನೂ ಒದಗಿಸಲಿ. ಚಂದಾವರ್ಕರರ ಸ್ಮರಣೆಗೆ ಇದಕ್ಕಿಂತ ಯೋಗ್ಯವಾದ ಕಾಣಿಕೆ ನಮಗೆ ತೋರುವುದಿಲ್ಲ.