ಪಂಡಿತಾ ರಮಾಬಾಯಿಯವರ ಬಲಹೀನತೆಯೂ ದೇವರ ಕೃಪೆಯೂ

ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಅನಂತಶಾಸ್ತ್ರಿ ಡೋಂಗ್ರೆಯವರೆಂಬ ವಿದ್ವಾಂಸರು ಆಶ್ರಮವನ್ನು ಕಟ್ಟಿಕೊಂಡು, ಜನರ ವಿರೋಧವನ್ನು ಲೆಕ್ಕಿಸದೆ ತಮ್ಮ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದರು. 1858ನೆಯ ಏಪ್ರಿಲ್ 23ರಂದು ಇವರಿಗೆ ಜನಿಸಿದ ಮಗಳೇ ಪಂಡಿತಾ ರಮಾಬಾಯಿಯವರು. ನಮ್ಮ ನಾಡಿನಲ್ಲಿ ಹುಟ್ಟಿದ ಈ ಮಹನೀಯಳನ್ನು ನಾವಿಲ್ಲಿ ಸ್ಮರಿಸುವುದು ಆಕೆಯ ಪಾಂಡಿತ್ಯಕ್ಕಾಗಿ ಮಾತ್ರವಲ್ಲ. ಪಾಂಡಿತ್ಯವೂ ಸಾಲದೆ ಹೋದಾಗ ಆಕೆಯು ಯಾರನ್ನು ಆಶ್ರಯಿಸಿದರೆಂಬುದನ್ನು ತಿಳಿಯುವುದಕ್ಕಾಗಿ.

ತಂದೆತಾಯಿಗಳೊಡನೆ ತೀರ್ಥಕ್ಷೇತ್ರಗಳನ್ನು ಸುತ್ತುತ್ತಲೇ ಬೆಳೆದ ಬಾಲಕಿಯು ತಾಯಿಯಿಂದ ಪುರಾಣದ ಸಾವಿರಾರು ಶ್ಲೋಕಗಳನ್ನು ಕಂಠಪಾಠ ಮಾಡಿದರು. ಬಳಿಕ ಕ್ಷಾಮದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನೊಡನೆ ಕಾಲ್ನಡೆಯಾಗಿ ದೇಶವನ್ನು ಸಂಚರಿಸಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದಾಗ, ಅಲ್ಲಿನ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಆದರೆ 1880ರಲ್ಲಿ ಅಣ್ಣನೂ ಮೃತನಾದನು. ಅದೇ ವರುಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. 1882ರಲ್ಲಿ ಅವರೂ ಕಾಲರಾ ರೋಗದಿಂದ ತೀರಿಹೋದರು. ಆಗ ಆಕೆಗೆ 23 ವರುಷ. ಕೈಯಲ್ಲಿ ಮನೋರಮೆಯೆಂಬ ಹಸುಗೂಸು.

ವೈದ್ಯಳಾಗಿ ಹೆಂಗಸರ ಸೇವೆ ಮಾಡಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಆದರೆ ಕಿವಿಗಳು ಮಂದವಾಗುತ್ತ ಬಂದುದರಿಂದ ಆ ಆಸೆಯನ್ನು ಬಿಡಬೇಕಾಯಿತು. ಅದೇ ವರುಷ ವಾಂಟೇಜಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಆದರೂ ಮನಸ್ಸಿಗೆ ಪೂರ್ಣ ಶಾಂತಿಯಿರಲಿಲ್ಲ. ಕ್ರೈಸ್ತ ಮತವು ತನಗೆ ದೊರೆತಿದೆಯೇ ಹೊರತು ಕ್ರಿಸ್ತನು ದೊರೆತಿಲ್ಲವೆಂಬುದು ಸುಮಾರು ಎಂಟು ವರುಷಗಳ ತರುವಾಯ ಆಕೆಗೆ ಹೊಳೆಯಿತು. ವಿದ್ಯೆಯಿಂದಲೂ ಸತ್ಕಾರ್ಯದಿಂದಲೂ ಸಂಪಾದಿಸಲಾರದ ರಕ್ಷಣೆಯನ್ನು ಆಗ ಬರಿಗೈಯಲ್ಲಿ ದಾನವಾಗಿ ಸ್ವೀಕರಿಸಿದರು.

1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾಸದನವನ್ನು ಮರುವರುಷ ಪುಣೆಗೆ ಸಾಗಿಸಿದ್ದರು. ಅಲ್ಲಿ ಹುಡುಗಿಯರನ್ನು ಕ್ರೈಸ್ತರನ್ನಾಗಿ ಮಾಡುತ್ತಾರೆಂಬ ಆಕ್ಷೇಪಣೆಯೆದ್ದು, 1893ರಲ್ಲಿ ಸಲಹೆಗಾರರು ಬಿಟ್ಟುಹೋದರು. ಹಲವು ವಿದ್ಯಾರ್ಥಿನಿಯರನ್ನು ಪೋಷಕರು ಕರೆದೊಯ್ದರು. ಆದರೆ 1896ರ ಬಳಿಕ ಮಧ್ಯಪ್ರಾಂತದಲ್ಲಿ ಕ್ಷಾಮವು ಬಂದಾಗ, ಎಳೆಯ ವಯಸ್ಸಿನಲ್ಲಿ ತಾನೇ ಹಸಿವನ್ನುಂಡ ಆಕೆಯು ಸುಮ್ಮನಿರಲಾರದೆ ಹೊರಟು, ನೂರಾರು ಅನಾಥ ಬಾಲಿಕೆಯರನ್ನು ಕರೆತಂದರು. ಕೇಡಗಾಂವಿಯ ಮುಕ್ತಿಸದನದಲ್ಲಿ ಕೆಲವೇ ವರುಷಗಳೊಳಗೆ ಸಾವಿರಕ್ಕೂ ಹೆಚ್ಚು ಮಂದಿ ಆಶ್ರಯ ಪಡೆದರು. ಸ್ಥಿರವಾದ ವರಮಾನವನ್ನು ನೆಚ್ಚದೆ ಪ್ರಾರ್ಥನೆಯನ್ನೇ ನೆಚ್ಚಿ, ಓದು, ನೇಯ್ಗೆ, ಬೇಸಾಯ, ಅಚ್ಚಿನ ಕೆಲಸಗಳನ್ನು ಅಲ್ಲಿ ಕಲಿಸಿದರು.

ಮನೋರಮಾಬಾಯಿಯವರು ತಾಯಿಗೆ ಬಲಗೈಯಾಗಿದ್ದು, ಗುಲ್ಬರ್ಗದಲ್ಲಿ ಆರಂಭವಾದ ಬಾಲಿಕೆಯರ ಶಾಲೆಗೂ ಮುಖ್ಯಸ್ಥೆಯಾಗಿದ್ದರು. ಸಂಸ್ಥೆಯ ಭಾರವನ್ನು ಮುಂದೆ ಹೊರಬೇಕಾಗಿದ್ದ ಆಕೆಯೇ 1921ರಲ್ಲಿ ತಾಯಿಗಿಂತ ಮೊದಲು ತೀರಿಕೊಂಡರು. ಕಿವಿ ಕೇಳದ, ದೇಹ ಕುಗ್ಗಿದ ಆ ತಾಯಿಯು ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು ಕೈಕೊಂಡಿದ್ದ ಸತ್ಯವೇದದ ಭಾಷಾಂತರವನ್ನು ಬಿಡಲಿಲ್ಲ. ಹಳ್ಳಿಯ ಹೆಂಗಸರಿಗೂ ತಿಳಿಯುವ ಸುಲಭವಾದ ಮರಾಠಿಯಲ್ಲಿ ಅದನ್ನು ಮುಗಿಸಿ, 1922ನೆಯ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಸಂಪೂರ್ಣ ಗ್ರಂಥವು 1924ರಲ್ಲಿ ಪ್ರಕಟವಾಯಿತು.

ದೇವರು ಈ ಮಹಿಳೆಗೆ ಕಳೆದುಹೋದ ಬಂಧುಗಳನ್ನು ಹಿಂದಕ್ಕೆ ಕೊಡಲಿಲ್ಲ; ಮಂದವಾದ ಕಿವಿಗಳನ್ನು ತೆರೆಯಲಿಲ್ಲ. ಆಯಾ ದಿನದ ಕೆಲಸಕ್ಕೆ ಸಾಕಾಗುವಷ್ಟು ಬಲವನ್ನು ಆಯಾ ದಿನವೇ ಕೊಟ್ಟನು. ಶಾಲೆಯನ್ನು ಬಿಟ್ಟು ಸಂಸಾರವನ್ನೋ ಉದ್ಯೋಗವನ್ನೋ ಸೇರಿದ ನಮ್ಮ ವಿದ್ಯಾರ್ಥಿನಿಯರಲ್ಲಿ, ಕಲಿತದ್ದೆಲ್ಲ ನಿಷ್ಪ್ರಯೋಜನವಾಯಿತೆಂದು ಕುಗ್ಗಿದವರು ಇದ್ದಾರು. ಮಗಳ ಮುಂದಿನ ಬಾಳನ್ನು ನೆನೆದು ಅಂಜುವ ತಂದೆತಾಯಿಗಳೂ ಇದ್ದಾರು. ಶಾಲೆಯು ಕೊಟ್ಟ ವಿದ್ಯೆಯು ಎಲ್ಲ ಭಾರವನ್ನೂ ಹೊರಲಾರದು. ಅಂಥ ವೇಳೆಯಲ್ಲಿ ತಮ್ಮ ಬಲಹೀನತೆಯನ್ನು ಮರೆಮಾಡದೆ ದೇವರ ಮುಂದಿಟ್ಟು, ಆ ದಿನದ ಕೆಲಸಕ್ಕೆ ಕೈ ಹಾಕುವಂತೆ ಅವರೆಲ್ಲರಿಗೂ ಕೃಪೆಯಾಗಲೆಂದು ನಾವು ಪ್ರಾರ್ಥಿಸುತ್ತೇವೆ.