ಸ್ವಾಮಿ ರಮಾನಂದ ತೀರ್ಥರು: ಶಾಲೆಯಿಂದ ಲೋಕಸಭೆಯವರೆಗೆ

ಗಬ್ಬೂರು, ದೇವದುರ್ಗ, ಮಾನ್ವಿ ಹಾಗೂ ರಾಯಚೂರು ಭಾಗದ ನಾಗರಿಕರು ಇಂದು ನಾಡಕಚೇರಿಯಲ್ಲಿ ಕನ್ನಡದಲ್ಲಿಯೇ ಅರ್ಜಿ ಸಲ್ಲಿಸಿ, ಕನ್ನಡದಲ್ಲಿಯೇ ಪ್ರಮಾಣಪತ್ರ ಪಡೆಯುತ್ತಾರೆ. ಈ ಪ್ರದೇಶವು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಗ ಕಚೇರಿಯ ಭಾಷೆ ಉರ್ದು. ಉನ್ನತ ಶಿಕ್ಷಣದ ಮಾಧ್ಯಮವೂ ಉರ್ದು. ತನ್ನ ಜಮೀನಿನ ಕಾಗದವನ್ನು ತಾನೇ ಓದಲಾರದ ರೈತನ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ. ಈ ವ್ಯವಸ್ಥೆ ಬದಲಾಗಲು ದುಡಿದವರಲ್ಲಿ ಶಿಕ್ಷಕರಾಗಿದ್ದ ಸ್ವಾಮಿ ರಮಾನಂದ ತೀರ್ಥರು ಪ್ರಮುಖರು.

ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ್. 1903ರ ಅಕ್ಟೋಬರ್ 3ರಂದು ಇಂದಿನ ಉತ್ತರ ಕರ್ನಾಟಕದಲ್ಲಿ ಜನಿಸಿದರು. 1920ರಲ್ಲಿ ಲೋಕಮಾನ್ಯ ತಿಲಕರು ನಿಧನರಾದಾಗ, ವಿದ್ಯಾರ್ಥಿಯಾಗಿದ್ದ ಅವರು ಅವಿವಾಹಿತರಾಗಿದ್ದು ದೇಶಸೇವೆ ಮಾಡುವ ಸಂಕಲ್ಪ ಕೈಗೊಂಡರು. ಪುಣೆಯ ತಿಲಕ್ ವಿದ್ಯಾಪೀಠದಲ್ಲಿ ಎಂ.ಎ. ಪದವಿ ಪಡೆದು, ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಕಾರ್ಯದರ್ಶಿಯಾಗಿ ಕೆಲಕಾಲ ದೆಹಲಿಯಲ್ಲಿ ಸೇವೆ ಸಲ್ಲಿಸಿದರು. ಆರೋಗ್ಯ ಕೆಟ್ಟು ಆ ಕೆಲಸ ಬಿಡಬೇಕಾಯಿತು.

ಅನಂತರ ಅವರು ಆರಿಸಿಕೊಂಡದ್ದು ಸಂಸ್ಥಾನದ ಮರಾಠಿ ಭಾಗದಲ್ಲಿದ್ದ ಹಿಪ್ಪರಗಾ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಯನ್ನು. 1932ರಲ್ಲಿ ಸಂನ್ಯಾಸ ಸ್ವೀಕರಿಸಿದ ಮೇಲೂ ಪಾಠ ಹೇಳುವುದನ್ನು ಬಿಡಲಿಲ್ಲ. ಮುಂದೆ ಅಂಬಾಜೋಗಾಯಿಯ ಯೋಗೇಶ್ವರಿ ವಿದ್ಯಾಲಯದ ಹೊಣೆ ಹೊತ್ತರು. ಸಾರ್ವಜನಿಕ ಸಭೆಗೂ ಖಾಸಗಿ ಶಾಲೆಗೂ ಸರ್ಕಾರದ ಪೂರ್ವಾನುಮತಿ ಬೇಕಾಗಿದ್ದ ಆ ಸಂಸ್ಥಾನದಲ್ಲಿ, ಮಾತೃಭಾಷೆಯಲ್ಲಿ ಪಾಠ ಹೇಳುವ ಶಾಲೆಯೇ ಜನಜಾಗೃತಿಯ ಕೇಂದ್ರವಾದದ್ದು ಸಹಜವಾಗಿತ್ತು.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ಥಾಪನೆಗೆ ಮುನ್ನವೇ ಅದರ ಮೇಲೆ ನಿಷೇಧ ಬಿದ್ದಿತು. ಸ್ವಾಮೀಜಿ ಶಾಲೆ ತೊರೆದು ಅದೇ ಅಕ್ಟೋಬರ್ ತಿಂಗಳಿನಲ್ಲಿ ಸತ್ಯಾಗ್ರಹ ಮಾಡಿ ಸೆರೆಮನೆ ಸೇರಿದರು. ನಿಷೇಧ ತೆರವಾದದ್ದು 1946ರಲ್ಲಿ. ಆಗ ಅವರು ಸಂಸ್ಥೆಯ ಅಧ್ಯಕ್ಷರಾದರು. ಸಂಸ್ಥಾನವು ಭಾರತ ಒಕ್ಕೂಟಕ್ಕೆ ಸೇರಬೇಕೆಂದು 1947ರ ಆಗಸ್ಟ್ 7ರಂದು ಚಳವಳಿ ಆರಂಭಿಸಿದರು. ಎಂಟು ದಿನಗಳ ನಂತರ ದೇಶ ಸ್ವತಂತ್ರವಾದಾಗ ಅವರು ಬಂಧನದಲ್ಲಿದ್ದರು. ಆ ಹೋರಾಟದ ಅವಧಿಯಲ್ಲಿ ರಾಯಚೂರು ಭಾಗದ ಯುವಕರು ಗಡಿಯಾಚೆಯ ಮುಂಡರಗಿ ಮೊದಲಾದ ಶಿಬಿರಗಳಿಂದ ಹೋರಾಡಿದರು. ಅವರಲ್ಲಿ ಅನೇಕರ ಹೆಸರು ಯಾವ ದಾಖಲೆಯಲ್ಲೂ ಉಳಿದಿಲ್ಲವೆಂಬುದು ವಿಷಾದದ ಸಂಗತಿ. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಭಾರತೀಯ ಸೇನೆಯ ಕಾರ್ಯಾಚರಣೆ 17ರಂದು ನಿಜಾಮರ ಶರಣಾಗತಿಯಲ್ಲಿ ಮುಗಿಯಿತು. ಸ್ವಾಮೀಜಿಯ ಬಿಡುಗಡೆಯೂ ಆಯಿತು.

ಅವರು ಮಂತ್ರಿಪದವಿ ಹೊಂದಲಿಲ್ಲ. 1952ರ ಪ್ರಥಮ ಮಹಾಚುನಾವಣೆಯಲ್ಲಿ ಗುಲ್ಬರ್ಗಾ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಹೈದರಾಬಾದ್ ರಾಜ್ಯವನ್ನು ಒಂದಾಗಿಯೇ ಉಳಿಸಬೇಕೆಂಬ ಅಭಿಪ್ರಾಯ ಪ್ರಬಲರಲ್ಲಿಯೂ ಇತ್ತು. ಆದರೆ ಕನ್ನಡ, ತೆಲುಗು, ಮರಾಠಿ ಭಾಗಗಳು ತಮ್ಮ ತಮ್ಮ ಭಾಷೆಯ ರಾಜ್ಯಗಳಿಗೆ ಸೇರಬೇಕೆಂಬುದು ಸ್ವಾಮೀಜಿಯ ನಿಲುವು. ಇದರಿಂದ ಅವರ ಸ್ವಂತ ಕಾರ್ಯಕ್ಷೇತ್ರವೇ ಹರಿದು ಹಂಚಿಹೋಗುವಂತಿತ್ತು. ಹಾಗೆಯೇ ಆಯಿತು: 1956ರ ನವೆಂಬರ್ 1ರಂದು ರಾಯಚೂರು, ಗುಲ್ಬರ್ಗಾ, ಬೀದರ್ ಜಿಲ್ಲೆಗಳ ಕನ್ನಡ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತು, ಮರಾಠವಾಡ ಮುಂಬಯಿ ರಾಜ್ಯಕ್ಕೆ ಸೇರಿತು. 1957ರಲ್ಲಿ ಅವರು ಔರಂಗಾಬಾದ್ ಕ್ಷೇತ್ರದಿಂದ ಎರಡನೆಯ ಬಾರಿ ಲೋಕಸಭೆಗೆ ಆಯ್ಕೆಯಾದರು.

ಮುಂದೆ ಪ್ರಧಾನಮಂತ್ರಿಯಾದ ಪಿ.ವಿ. ನರಸಿಂಹರಾವ್ ಅವರು ಸ್ವಾಮೀಜಿಯ ಅನುಯಾಯಿಗಳಲ್ಲಿ ಒಬ್ಬರು. ಹೈದರಾಬಾದ್ ಸ್ವಾತಂತ್ರ್ಯ ಹೋರಾಟದ ಬಗ್ಗೆ ಸ್ವಾಮೀಜಿ ಬರೆದ ಇಂಗ್ಲಿಷ್ ಸ್ಮರಣ ಗ್ರಂಥ 1967ರಲ್ಲಿ ಪ್ರಕಟವಾಯಿತು. 1972ರ ಜನವರಿ 22ರಂದು ಅವರು ನಿಧನರಾದರು. ಸಮಾಧಿಯು ಹೈದರಾಬಾದಿನ ಬೇಗಂಪೇಟೆಯಲ್ಲಿದೆ. ನಾಂದೇಡದಲ್ಲಿ 1994ರಲ್ಲಿ ಆರಂಭವಾದ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಲಾಗಿದೆ. ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ರಾಷ್ಟ್ರಧ್ವಜಾರೋಹಣ ನಡೆಯುತ್ತದೆ.