ಬೇಟೆ ಬಿಟ್ಟು ಊರೂರು ತಿರುಗಿದ ದೊರೆ

ಮಸ್ಕಿ ಗುಡ್ಡದ ಬಂಡೆ ವಳಕಮದಿನ್ನಿ ಮಂದಿಗೂ ಗೊತ್ತು, ಸಿಂಧನೂರು, ಲಿಂಗಸುಗೂರು ಮಂದಿಗೂ ಗೊತ್ತು. ಅದರ ಮೇಲೆ ಅಶೋಕನ ಹೆಸರು ಕೆತ್ತಿದೆ ಎಂಬುದು ಶಾಲೆ ಹುಡುಗರಿಗೆ ಬಾಯಿಪಾಠ. ಆದರೆ ಆ ದೊರೆ ಎಲ್ಲೆಲ್ಲಿ ತಿರುಗಿದ, ಯಾತಕ್ಕೆ ತಿರುಗಿದ ಎಂಬುದು ಬಲ್ಲವರು ಕಮ್ಮಿ.

ಅಶೋಕ ಮೌರ್ಯ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ಕ್ರಿ.ಪೂ. 268ರ ಸುಮಾರಿಗೆ ಪಟ್ಟಕ್ಕೆ ಬಂದ. 8 ವರ್ಷಕ್ಕೆ ಕಳಿಂಗದ ಮೇಲೆ ದಂಡೆತ್ತಿ ಹೋಗಿ ಗೆದ್ದ. ಗೆದ್ದು ಪಡೆದದ್ದಾದರೂ ಏನು? 1 ಲಕ್ಷ ಮಂದಿ ಸತ್ತರು. ಒಂದೂವರೆ ಲಕ್ಷ ಮಂದಿಯನ್ನು ಹುಟ್ಟಿದ ನೆಲದಿಂದ ಕಿತ್ತು ಸಾಗಿಸಲಾಯಿತು. ಈ ಲೆಕ್ಕವನ್ನು ವೈರಿಗಳು ಬರೆದಿಲ್ಲ, ಅಶೋಕನೇ ಬಂಡೆ ಮೇಲೆ ಬರೆಸಿದ. ಅಷ್ಟು ಜನರನ್ನು ದಾರಿಪಾಲು ಮಾಡಿದವ ಮುಂದೆ ತಾನೇ ದಾರಿ ಹಿಡಿದ.

ಹಿಂದಿನ ಅರಸರೂ ತಿರುಗುತ್ತಿದ್ದರು. ಅದಕ್ಕೆ ವಿಹಾರಯಾತ್ರೆ ಎಂದು ಹೆಸರು. ಬೇಟೆ, ಮೋಜು ಅಷ್ಟೇ. ಪಟ್ಟವಾಗಿ 10 ವರ್ಷಕ್ಕೆ ಅಶೋಕ ಬುದ್ಧನಿಗೆ ಅರಿವು ಮೂಡಿದ ಬೋಧಗಯೆಗೆ ಹೋಗಿಬಂದ. ಅಲ್ಲಿಗೆ ಬೇಟೆ ಬಂದ್, ಧರ್ಮಯಾತ್ರೆ ಸುರು. ಧರ್ಮಯಾತ್ರೆ ಅಂದರೆ ಕೈಮುಗಿದು ಗಾಡಿ ಹತ್ತೋದಲ್ಲ. ಬ್ರಾಹ್ಮಣರನ್ನೂ ಶ್ರಮಣರನ್ನೂ ಕಂಡು ದಾನ ಕೊಡೋದು, ವಯಸ್ಸಾದವರನ್ನು ಕಂಡು ಹೊನ್ನು ಕೊಡೋದು, ಹಳ್ಳಿ ಜನರ ಜೊತೆ ಧರ್ಮದ ಮಾತಾಡೋದು. ಬೇಟೆಯ ಸುಖಕ್ಕಿಂತ ಇದೇ ಹೆಚ್ಚು ಎಂದು ಅವನಿಗೆ ಕಂಡಿತು.

ಇಂಥ ಕೆಲಸ ಗಡಿಬಿಡಿಯಲ್ಲಿ ಆಗೋದಿಲ್ಲ. ಹಿರಿಯರ ಮಾತು ಮುಗಿಯಲಿಕ್ಕೆ ಹೊತ್ತು ಬೇಕು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ 256 ಎಂಬ ಅಂಕೆ ಇದೆ. ದೊರೆ ಪ್ರಯಾಣದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ. ಎಂಟೂವರೆ ತಿಂಗಳು ಅರಮನೆ ಬಿಟ್ಟಿದ್ದ ಅಂತಾಯ್ತು! ಭಕ್ತಿಯೂ ಒಮ್ಮೆಲೇ ಬರಲಿಲ್ಲ. ಉಪಾಸಕನಾದ ಮೊದಲ ವರ್ಷ ತನ್ನಲ್ಲಿ ಹುರುಪು ಇರಲಿಲ್ಲ ಎಂದು ಅದೇ ಶಾಸನದಲ್ಲಿ ಒಪ್ಪಿಕೊಂಡಿದ್ದಾನೆ.

20ನೇ ವರ್ಷ ಬುದ್ಧ ಹುಟ್ಟಿದ ಲುಂಬಿನಿಗೆ ಖುದ್ದು ಹೋದ. ಕಲ್ಲಿನ ಕಂಬ ನಿಲ್ಲಿಸಿದ. ಅಷ್ಟಕ್ಕೇ ಬಿಡಲಿಲ್ಲ. ಆ ಊರಿಗೆ ಬಲಿ ಎಂಬ ತೆರಿಗೆ ಮಾಫ್ ಮಾಡಿ, ಬೆಳೆಯ ಪಾಲನ್ನು ಎಂಟರಲ್ಲಿ ಒಂದಕ್ಕೆ ಇಳಿಸಿದ. ರಾಜ್ಯದ ದಾರಿಗುಂಟ ಆಲದ ಮರ, ಮಾವಿನ ತೋಪು, ಬಾವಿ, ತಂಗುಮನೆ ಮಾಡಿಸಿದ. ದನಕರುಗಳಿಗೂ ನೀರಿನ ಏರ್ಪಾಡಾಯಿತು. ಅಧಿಕಾರಿಗಳು 5 ವರ್ಷಕ್ಕೊಮ್ಮೆ ನಾಡು ಸುತ್ತಬೇಕೆಂದು ಕಟ್ಟಪ್ಪಣೆ ಮಾಡಿದ. ಜೀಪಿನಿಂದ ಇಳಿಯದೇ ಹಳ್ಳಿ ನೋಡುವ ಸಾಹೇಬರು ಇದನ್ನು ಗಮನಿಸಬೇಕು.

ಕ್ರಿ.ಪೂ. 232ರ ಸುಮಾರಿಗೆ ಅಶೋಕ ತೀರಿಕೊಂಡ. ಅವನು ಮಸ್ಕಿಗೆ ಬಂದಿದ್ದನೆಂದು ಬಂಡೆ ಹೇಳುವುದಿಲ್ಲ. ಅವನ ಮಾತು ಮಾತ್ರ ಬಂತು. ಧರ್ಮದ ಫಲ ದೊಡ್ಡವರ ಸೊತ್ತಲ್ಲ, ಸಣ್ಣ ಮನುಷ್ಯನಿಗೂ ಸಿಗುತ್ತದೆ ಎಂಬುದು ಆ ಮಾತಿನ ತಿರುಳು. ನಿಜಾಮರ ಕಾಲದಲ್ಲಿ, 1915ರಲ್ಲಿ, ಚಿನ್ನ ಹುಡುಕುತ್ತ ಬಂದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಅದು ಬಿತ್ತು. ಅಲ್ಲೀತನಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕಾಣುತ್ತಿದ್ದ ದೊರೆ ಅಶೋಕನೇ ಎಂದು ಖಾತ್ರಿಯಾದದ್ದು ನಮ್ಮ ಮಸ್ಕಿಯಿಂದ.

ದಿನಾ ಈ ರಸ್ತೆಯಲ್ಲಿ ಓಡಾಡುವವರು ಒಂದು ದಿನ ಮಸ್ಕಿಯಲ್ಲಿ ಇಳಿದು, ಗುಡ್ಡಕ್ಕೆ ನಡೆದು ಹೋಗಿ ನೋಡಿ ಬರಲಿ. ಮುಂದಿನ ಬಸ್ಸು ಬಂದೇ ಬರುತ್ತದೆ.